ಶಾಲೆಯವರು ‘ಮಾತ್ರೆ ಶುರು ಮಾಡಿ, ಇಲ್ಲಾಂದ್ರೆ ಎಲ್‌ಸಿ (ಶಾಲೆ ಬಿಡುವ ಸರ್ಟಿಫಿಕೇಟ್) ತಗೊಳ್ಳಿ’ ಅಂತಾರೆ. ಹಾಗೆ ಹೇಳುವ ಅಧಿಕಾರ ಅವರಿಗೆ ಉಂಟಾ?

ಚೆಂಬೂರು ಅಮ್ಮ

ಎಲ್ಲರಿಗೂ ನಮಸ್ಕಾರ. ಮುಂಬೈ, ಪುಣೆ, ಗೋವಾ ಕಡೆಯ ನಮ್ಮವರು ಇಲ್ಲಿ ತುಂಬ ಜನ ಇದ್ದೀರಿ ಅಂತ ಕೇಳ್ತಿದ್ದೇನೆ. ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು, ಖಾಸಗಿ ಇಂಗ್ಲಿಷ್ ಮೀಡಿಯಂ. ಕೂತಲ್ಲಿ ಕೂರುವುದಿಲ್ಲ, ಟೀಚರ್ ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಕೂಗ್ತಾನೆ, ಬೋರ್ಡಿನಲ್ಲಿ ಇದ್ದದ್ದನ್ನು ಅರ್ಧ ಬರೆದು ಅಲ್ಲಿಗೇ ಬಿಟ್ಟುಬಿಡ್ತಾನೆ. ಮಕ್ಕಳ ಮನೋವೈದ್ಯರಿಗೆ ತೋರಿಸಿದ್ವಿ, ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಂಚಲತೆಯ ತೊಂದರೆ, ಅಂತ ಹೇಳಿದ್ದಾರೆ. ಮೊದಲು ಬಿಹೇವಿಯರ್ ಥೆರಪಿ ಮಾಡುವ, ಮನೆಯಲ್ಲಿ ಒಂದು ದಿನಚರಿ ಇಟ್ಟುಕೊಳ್ಳಿ, ಆಮೇಲೆ ಔಷಧಿ ಬಗ್ಗೆ ಕೂತು ಮಾತಾಡುವ ಅಂತ ಅವರ ಸಲಹೆ.

ಶಾಲೆಯವರಿಗೆ ಅಷ್ಟು ತಾಳ್ಮೆ ಇಲ್ಲ. ಓಪನ್ ಹೌಸ್ ದಿನ ಕ್ಲಾಸ್ ಟೀಚರ್, ಸೂಪರ್‌ವೈಸರ್, ಕೌನ್ಸೆಲರ್ ಮೂವರೂ ಒಟ್ಟಿಗೆ ಕೂರಿಸಿಕೊಂಡು ಹೇಳಿದ್ರು: ದೀಪಾವಳಿ ರಜೆ ಮುಗಿಯುವುದರೊಳಗೆ ಮೆಡಿಸಿನ್ ಶುರು ಮಾಡಿ ಡಾಕ್ಟರ್ ಲೆಟರ್ ತನ್ನಿ, ಆಗದಿದ್ರೆ ಬೇರೆ ಶಾಲೆ ನೋಡ್ಕೊಳ್ಳಿ, ಎಲ್‌ಸಿ ಕೊಡ್ತೇವೆ. ಬರವಣಿಗೆಯಲ್ಲಿ ಒಂದು ಅಕ್ಷರ ಇಲ್ಲ. ವಾಟ್ಸಾಪ್‌ನಲ್ಲಿ ಕೇಳಿದ್ರೆ ‘ಪರ್ಸನಲ್ ಆಗಿ ಬಂದು ಮಾತಾಡಿ’ ಅಂತ ಉತ್ತರ.

ಅತ್ತೆಗೆ ಮಗುವಿಗೆ ‘ಮತ್ತಿನ ಮಾತ್ರೆ’ ಕೊಡ್ತಾರೆ ಅಂತ ಗಾಬರಿ. ನಮ್ಮವರು ಹೋಟೆಲಿನಿಂದ ಬರುವಾಗ ರಾತ್ರಿ ಹನ್ನೊಂದೂವರೆ, ‘ಶಾಲೆಯವರು ಹೇಳಿದ ಹಾಗೆ ಮಾಡಿ ಮುಗಿಸು ಮಾರಾಯ್ತಿ’ ಅಂತಾರೆ. ನಾನು ಔಷಧಿಗೆ ವಿರೋಧಿ ಏನಲ್ಲ. ಯಾವಾಗ ಶುರು ಮಾಡಬೇಕು ಅಂತ ಹೇಳುವುದು ಡಾಕ್ಟ್ರಾ, ಸೂಪರ್‌ವೈಸರಾ, ಅಷ್ಟೇ ನನ್ನ ಪ್ರಶ್ನೆ.

ಬೋರಿವಲಿ ಭಾವ

ತಂಗಿ, ಬೇಜಾರು ಮಾಡ್ಕೋಬೇಡ. ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ಚೇಷ್ಟೆ ಮಾಡಿದ್ರೆ ಮೇಷ್ಟ್ರು ಎರಡು ಬಾರಿಸ್ತಿದ್ರು, ಸರಿಹೋಗ್ತಿತ್ತು. ಈಗ ಮೊಬೈಲ್ ಕೈಗೆ ಕೊಡ್ತೀರಿ, ಆಮೇಲೆ ಮಾತ್ರೆ ಹುಡುಕ್ತೀರಿ.

ಮುಲುಂಡ್ ಡಾಕ್ಟರ್

ಬೋರಿವಲಿಯವರೇ, ನಿಮ್ಮ ಕಾಲದಲ್ಲೂ ಈ ಮಕ್ಕಳಿದ್ದರು. ಎಸ್‌ಎಸ್‌ಎಲ್‌ಸಿ ತನಕ ಬಾರದೆ ಊರಿಂದ ಓಡಿ ಬಂದು ಇದೇ ಮುಂಬೈಯಲ್ಲಿ ಕ್ಯಾಂಟೀನ್ ಸೇರಿದವರಲ್ಲಿ ಎಷ್ಟು ಜನ ಅಂಥವರೋ, ಯಾರೂ ಲೆಕ್ಕ ಇಟ್ಟಿಲ್ಲ. ಬಾರಿಸಿದ್ದರಿಂದ ಯಾರ ಗಮನವೂ ನೆಟ್ಟಗಾಗಿಲ್ಲ. ಮೊಬೈಲ್ ಇದ್ದುದನ್ನು ಹೆಚ್ಚು ಮಾಡಬಹುದು, ಆದರೆ ಈ ತೊಂದರೆಯಲ್ಲಿ ವಂಶವಾಹಿಯ ಪಾಲು ದೊಡ್ಡದು.

ಚೆಂಬೂರಿನ ಅಮ್ಮನಿಗೆ: ನಾನು ಮಕ್ಕಳ ವೈದ್ಯ. ನಿಮ್ಮ ಮಗನನ್ನು ನೋಡದೆ ಅವನ ಚಿಕಿತ್ಸೆ ಬಗ್ಗೆ ಮಾತಾಡುವುದಿಲ್ಲ, ಸಾಮಾನ್ಯವಾಗಿ ಗೊತ್ತಿರಬೇಕಾದ್ದು ಹೇಳ್ತೇನೆ.

ಎಡಿಎಚ್‌ಡಿ ಅನ್ನಬೇಕಾದರೆ ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು, ಆರು ತಿಂಗಳಾದರೂ ಇರಬೇಕು, ಒಂದಕ್ಕಿಂತ ಹೆಚ್ಚು ಕಡೆ, ಅಂದರೆ ಮನೆಯಲ್ಲೂ ಶಾಲೆಯಲ್ಲೂ, ಕಾಣಬೇಕು. ಮನೋವೈದ್ಯರು ರೋಗ ಗುರುತಿಸಲು ಬಳಸುವ ಅಮೆರಿಕದ ಕೈಪಿಡಿ, 2013ರ ಡಿಎಸ್‌ಎಂ-5ರಲ್ಲಿ ಹೀಗಿದೆ. ಹಾಗಾಗಿ ಟೀಚರ್ ಹೇಳಿಕೆ ಇಲ್ಲದೆ ನಾವು ತೀರ್ಮಾನಕ್ಕೆ ಬರುವುದೇ ಕಷ್ಟ. ವ್ಯಾಂಡರ್‌ಬಿಲ್ಟ್ ಅಂತ ಒಂದು ಪ್ರಶ್ನಾವಳಿ ಇದೆ, ಒಂದು ಪ್ರತಿ ಅಪ್ಪ ಅಮ್ಮನಿಗೆ, ಒಂದು ಟೀಚರ್‌ಗೆ. ಮೊನ್ನೆ ಒಂದು ಶಾಲೆಯಿಂದ ತುಂಬಿ ಬಂದ ಫಾರಂ ನೋಡಿದೆ. ಮೇಲಿಂದ ಕೆಳಗಿನ ತನಕ ‘ಬಹಳ ಸಲ’ ಅನ್ನುವ ಕಾಲಂನಲ್ಲೇ ಟಿಕ್ಕು, ಒಂದೇ ಪೆನ್ನು, ಒಂದೇ ಉಸಿರು. ಬೆಲೆಬಾಳುವ ವಸ್ತು ಕದ್ದಿದ್ದಾನಾ ಅನ್ನುವ ಸಾಲಿಗೂ ‘ಬಹಳ ಸಲ’. ಏಳು ವರ್ಷದ ಹುಡುಗ! ಟೀಚರ್‌ಗೆ ಫೋನ್ ಮಾಡಿ ಕೇಳಿದರೆ ‘ಬೇಗ ಕೊಡಬೇಕು ಅಂತ ಆಫೀಸಿನವರು ಹೇಳಿದ್ರು ಡಾಕ್ಟರ್’ ಅಂದರು. ಆ ಫಾರಂ ಪಕ್ಕಕ್ಕಿಟ್ಟು ಹೊಸದು ಕಳಿಸಿದೆ.

ಔಷಧಿ ವಿಷಯ. ಇದಕ್ಕೆ ಸಾಮಾನ್ಯವಾಗಿ ಕೊಡುವ ಮೀಥೈಲ್‌ಫೆನಿಡೇಟ್ ಮತ್ತಿನ ಮಾತ್ರೆ ಅಲ್ಲ ಅಂತ ಅತ್ತೆಯವರಿಗೆ ಹೇಳಿ. ಮಂಪರು ತರುವುದಿಲ್ಲ, ಅದು ಉತ್ತೇಜಕ. ಸಾಮಾನ್ಯವಾಗಿ ಆರು ವರ್ಷ ದಾಟಿದವರಿಗೆ ಕೊಡುತ್ತೇವೆ. ಅಮೆರಿಕದಲ್ಲಿ 579 ಮಕ್ಕಳನ್ನು 14 ತಿಂಗಳು ಗಮನಿಸಿದ ಅಧ್ಯಯನ 1999ರಲ್ಲಿ ಬಂತು. ಚಂಚಲತೆ, ಗಮನದ ಕೊರತೆ ಇವುಗಳ ಮಟ್ಟಿಗೆ ಬರೀ ಥೆರಪಿಗಿಂತ ಕ್ರಮಬದ್ಧವಾಗಿ ಕೊಟ್ಟ ಔಷಧಿ ಹೆಚ್ಚು ಕೆಲಸ ಮಾಡಿದ್ದು ಅದರಲ್ಲಿ ಕಂಡಿತು. ವರ್ಷಗಳು ಹೋದ ಹಾಗೆ ಗುಂಪುಗಳ ನಡುವಿನ ವ್ಯತ್ಯಾಸ ಕರಗಿದ್ದೂ ನಿಜ. ಹಸಿವು ಕಡಿಮೆಯಾಗ್ತದೆ, ಕೆಲವರಿಗೆ ನಿದ್ದೆ ತಡ. ಎತ್ತರ, ತೂಕ, ನಾಡಿಬಡಿತ, ಬಿಪಿ ನೋಡುತ್ತಿರಬೇಕು. ಇಷ್ಟೆಲ್ಲ ತೂಗಿ ನೋಡುವವರು ಡಾಕ್ಟರ್ ಮತ್ತು ಹೆತ್ತವರು. ಸೂಪರ್‌ವೈಸರ್ ಹತ್ತಿರ ಬಿಪಿ ಪಟ್ಟಿಯಾದರೂ ಉಂಟಾ?

ಠಾಣೆ ವಕೀಲೆ

ಅಕ್ಕ, ಡಾಕ್ಟರ್ ಹೇಳಿದ್ದಕ್ಕೆ ಕಾನೂನಿನ ಕಡೆಯಿಂದ ಸೇರಿಸ್ತೇನೆ. ಸ್ವಲ್ಪ ಉದ್ದ ಆಗ್ತದೆ.

ಶಿಕ್ಷಣ ಹಕ್ಕು ಕಾಯ್ದೆ, 2009. ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ಎಂಟನೇ ಕ್ಲಾಸು ಮುಗಿಯುವ ತನಕ ಶಾಲೆಯಿಂದ ಹೊರಹಾಕುವಂತಿಲ್ಲ. 2019ರಲ್ಲಿ ಐದು ಮತ್ತು ಎಂಟನೇ ಕ್ಲಾಸಿನಲ್ಲಿ ಫೇಲ್ ಮಾಡಲು ಅವಕಾಶ ಕೊಟ್ಟು ತಿದ್ದುಪಡಿ ಬಂತು, ಹೊರಹಾಕುವ ವಿಷಯ ಮಾತ್ರ ಬದಲಾಗಲಿಲ್ಲ. 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸ್ತದೆ (ಬೋರಿವಲಿ ಭಾವನವರು ಗಮನಿಸಬೇಕು). ಶಾಲೆಯವರಿಗೆ ಇದು ಗೊತ್ತಿಲ್ಲ ಅಂದ್ಕೋಬೇಡಿ. ಗೊತ್ತಿರುವುದರಿಂದಲೇ ‘ನೀವೇ ಎಲ್‌ಸಿಗೆ ಅರ್ಜಿ ಹಾಕಿ’ ಅನ್ನುವುದು. ಅರ್ಜಿ ನಿಮ್ಮದಾದರೆ ಹೊರಹಾಕಿದ್ದು ಅವರಲ್ಲ. ಆದ್ದರಿಂದ ಎಲ್‌ಸಿ ಫಾರಂಗೆ ಸಹಿ ಮಾಡಬೇಡಿ, ‘ಸ್ವ ಇಚ್ಛೆಯಿಂದ’ ಅನ್ನುವ ಸಾಲು ಅದರಲ್ಲಿ ಇದ್ದೇ ಇರ್ತದೆ.

ಒಂದು ತೊಡಕು. ನಿಮ್ಮ ಮಗನ ಶಾಲೆ ಅಲ್ಪಸಂಖ್ಯಾತ ಸಂಸ್ಥೆಯದ್ದಾ? 2014ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅಂಥ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸದು ಅಂದಿತು. ಮುಂಬೈಯಲ್ಲಿ ಕಾನ್ವೆಂಟುಗಳಿಂದ ಹಿಡಿದು ಭಾಷಾ ಅಲ್ಪಸಂಖ್ಯಾತರ ಶಾಲೆಗಳ ತನಕ ಇದು ತುಂಬ ಕಡೆ ಅಡ್ಡ ಬರ್ತದೆ. ನಮ್ಮ ಕನ್ನಡದವರು ನಡೆಸುವ ಶಾಲೆಗಳೂ ಇಲ್ಲಿ ಭಾಷಾ ಅಲ್ಪಸಂಖ್ಯಾತವೇ.

ಆಗ ಹಿಡಿಯಬೇಕಾದ್ದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಅದರ ಪಟ್ಟಿಯಲ್ಲಿ 21 ನ್ಯೂನತೆಗಳಿವೆ, ಆಟಿಸಂ ಉಂಟು, ಕಲಿಕಾ ನ್ಯೂನತೆ ಉಂಟು, ಎಡಿಎಚ್‌ಡಿ ಅಂತ ಪ್ರತ್ಯೇಕ ಹೆಸರಿಲ್ಲ. ಶಾಲೆಯ ವಕೀಲರು ಇಲ್ಲೇ ಜೋತು ಬೀಳ್ತಾರೆ. ಆದರೆ ಕಾಯ್ದೆಯ ವ್ಯಾಖ್ಯೆ ಪಟ್ಟಿಗಿಂತ ದೊಡ್ಡದು: ದೀರ್ಘಕಾಲದ ದೈಹಿಕ, ಮಾನಸಿಕ, ಬೌದ್ಧಿಕ ಅಥವಾ ಇಂದ್ರಿಯ ನ್ಯೂನತೆಯಿಂದಾಗಿ ಸಮಾಜದಲ್ಲಿ ಉಳಿದವರ ಸಮನಾಗಿ ಭಾಗವಹಿಸಲು ಅಡ್ಡಿ ಎದುರಿಸುವವರು. ಸರ್ಕಾರದ ಮಾನ್ಯತೆ ಇರುವ ಶಾಲೆ ಅಂಥ ಮಗುವನ್ನು ತಾರತಮ್ಯ ಮಾಡದೆ ಸೇರಿಸಿಕೊಳ್ಳಬೇಕು, ಅದಕ್ಕೆ ಬೇಕಾದ ಅನುಕೂಲ ಕಲ್ಪಿಸಬೇಕು ಅಂತ 16ನೇ ಸೆಕ್ಷನ್. ದೂರು ಹೋಗುವುದು ರಾಜ್ಯ ಅಂಗವಿಕಲರ ಆಯುಕ್ತರಿಗೆ, ಮಹಾರಾಷ್ಟ್ರದ ಕಚೇರಿ ಪುಣೆಯಲ್ಲಿದೆ. ಹೋರಾಡಿ ವಾದಿಸಬಹುದಾದ ಅಂಶ ಇದು. ಮೊದಲ ದಿನವೇ ಗೆದ್ದುಬಿಡ್ತೀರಿ ಅಂತ ನಾನು ಹೇಳುವುದಿಲ್ಲ.

ಇನ್ನು ಚಿಕಿತ್ಸೆಗೆ ಒಪ್ಪಿಗೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅಪ್ರಾಪ್ತರ ಪರವಾಗಿ ನಿಲ್ಲುವವರು ಅವರ ಪಾಲಕರು. ಶಾಲೆಗೆ ಅಲ್ಲಿ ಯಾವ ಜಾಗವೂ ಇಲ್ಲ. 23ನೇ ಸೆಕ್ಷನ್ ಗೋಪ್ಯತೆಯದ್ದು. ನೀವು ಒಪ್ಪದೆ ಡಾಕ್ಟರ್ ನಿಮ್ಮ ಮಗನ ಫೈಲನ್ನು ಶಾಲೆಗೆ ಕೊಡುವಂತಿಲ್ಲ.

ಬಾಣೇರ್ ವಾಪಸಿ

ನಾವು ಹನ್ನೊಂದು ವರ್ಷ ನ್ಯೂಜೆರ್ಸಿಯಲ್ಲಿದ್ದು ಪುಣೆಗೆ ಬಂದವರು. ಅಲ್ಲಿ ಇದೇ ಜಗಳ ಇಪ್ಪತ್ತು ವರ್ಷದ ಹಿಂದೆಯೇ ಆಗಿಹೋಗಿದೆ. 2001ರಲ್ಲಿ ಕನೆಕ್ಟಿಕಟ್ ರಾಜ್ಯ, ಶಾಲೆಯವರು ಮನೋರೋಗದ ಔಷಧಿ ಶಿಫಾರಸು ಮಾಡಬಾರದು ಅಂತ ಕಾನೂನು ತಂತು. 2004ರಲ್ಲಿ ವಿಶೇಷ ಶಿಕ್ಷಣದ ಫೆಡರಲ್ ಕಾಯ್ದೆಯನ್ನು ತಿದ್ದಿದಾಗ ಇಡೀ ದೇಶಕ್ಕೇ ಸೇರಿಸಿದರು: ಶಾಲೆಗೆ ಬರಲು, ಪರೀಕ್ಷೆಗೊಳಪಡಲು, ಸೇವೆ ಪಡೆಯಲು ನಿಯಂತ್ರಿತ ಔಷಧಿ ತಗೊಳ್ಳಲೇಬೇಕು ಅಂತ ಶಾಲೆಯ ಸಿಬ್ಬಂದಿ ಷರತ್ತು ಹಾಕುವಂತಿಲ್ಲ. ಆದರೆ ಅದೇ ಕಲಮಿನಲ್ಲಿ ಇನ್ನೊಂದು ಮಾತೂ ಇದೆ. ತರಗತಿಯಲ್ಲಿ ಮಗು ಹೇಗಿರ್ತದೆ, ಪರೀಕ್ಷಿಸಬೇಕು ಅನಿಸ್ತದಾ ಅಂತ ಟೀಚರ್ ಹೆತ್ತವರಿಗೆ ಹೇಳುವುದಕ್ಕೆ ಅಡ್ಡಿಯಿಲ್ಲ. ನಮ್ಮ ಮಗಳ ಟೀಚರ್ ತೂಗಿ ತೂಗಿ ಮಾತಾಡ್ತಿದ್ದರು, ಔಷಧಿ ಅನ್ನುವ ಶಬ್ದವೇ ಬಾಯಿಗೆ ಬರ್ತಿರಲಿಲ್ಲ. ಕೆಲವೊಮ್ಮೆ ಅದೂ ಅತಿ ಅನಿಸ್ತಿತ್ತು. ಇಲ್ಲಿ ಕೇಳಿದರೆ ಪಿ.ಟಿ. ಮೇಷ್ಟ್ರೂ ಡೋಸ್ ಹೇಳ್ತಾರೆ.

ಠಾಣೆ ವಕೀಲೆ

ನಮ್ಮಲ್ಲಿ ಅಷ್ಟು ನೇರವಾಗಿ ಬರೆದ ಸಾಲು ಇಲ್ಲ. ನಾನು ಮೇಲೆ ಹೇಳಿದ ಕಾಯ್ದೆಗಳನ್ನು ಒಂದಕ್ಕೊಂದು ಪೋಣಿಸಿ ಅಲ್ಲಿಗೆ ತಲುಪಬೇಕು.

ಡೊಂಬಿವಲಿ ಮೇಷ್ಟ್ರು

ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲೂ ಆಮೇಲೆ ಖಾಸಗಿ ಶಾಲೆಯಲ್ಲೂ ಪಾಠ ಮಾಡಿ ನಿವೃತ್ತನಾದವನು. ಎಲ್ಲರೂ ಶಾಲೆಯನ್ನು ಬೈಯುತ್ತಿದ್ದೀರಿ, ಬೈಯಿರಿ. ಆದರೆ ಟೀಚರ್ ಜಾಗದಲ್ಲಿ ಒಂದು ಪೀರಿಯಡ್ ನಿಂತು ನೋಡಿ. ಕಾಯ್ದೆ ಪ್ರಾಥಮಿಕದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕ ಅನ್ನುತ್ತದೆ. ನಾನು ಕಂಡ ಖಾಸಗಿ ತರಗತಿಗಳಲ್ಲಿ ಐವತ್ತು, ಐವತ್ತೈದು. ಒಬ್ಬ ಹುಡುಗ ಬೆಂಚಿನಿಂದ ಬೆಂಚಿಗೆ ಹೋಗುತ್ತಾನೆ, ಪಕ್ಕದವಳ ಕಂಪಾಸ್ ಪೆಟ್ಟಿಗೆ ಬೀಳಿಸುತ್ತಾನೆ, ಅವಳು ಅಳುತ್ತಾಳೆ, ಅವಳ ಅಮ್ಮ ಸಂಜೆ ಗ್ರೂಪಿನಲ್ಲಿ ಬರೆಯುತ್ತಾಳೆ, ಮರುದಿನ ಸೂಪರ್‌ವೈಸರ್ ಕರೆಯುತ್ತಾರೆ. ಔಷಧಿ ಬೇಕು ಎಂದು ಟೀಚರ್ ಬಾಯಲ್ಲಿ ಬರುವುದರ ಹಿಂದೆ ಎಷ್ಟೋ ಸಲ ಉಳಿದ ಪೋಷಕರ ಒತ್ತಡ ಇರುತ್ತದೆ. ಈ ವೇದಿಕೆಯಲ್ಲೂ ಆ ಪೋಷಕರು ಇದ್ದೀರಿ, ಸುಮ್ಮನೆ ಓದುತ್ತಿದ್ದೀರಿ ಅಷ್ಟೆ.

ಹಾಗೆಂದು ಷರತ್ತು ಹಾಕುವುದನ್ನು ಒಪ್ಪಲಾರೆ. ಮೊದಲು ಶಾಲೆ ತನ್ನ ಕೈಯಲ್ಲಿರುವುದನ್ನು ಮಾಡಿದೆಯೇ? ಹುಡುಗನನ್ನು ಮುಂದಿನ ಬೆಂಚಿಗೆ, ಕಿಟಕಿಯಿಂದ ದೂರ ಕೂರಿಸಿದ್ದಾರೆಯೇ? ಉದ್ದದ ಲೆಕ್ಕವನ್ನು ತುಂಡು ಮಾಡಿ ಕೊಟ್ಟಿದ್ದಾರೆಯೇ? ಡಸ್ಟರ್ ತಾ, ಹಾಜರಿ ಪುಸ್ತಕ ಆಫೀಸಿಗೆ ಕೊಟ್ಟು ಬಾ ಎಂದು ಎದ್ದು ಓಡಾಡಲು ನೆಪ ಕೊಟ್ಟಿದ್ದಾರೆಯೇ? ನನ್ನ ತರಗತಿಯ ಇಂಥ ಹುಡುಗರೆಲ್ಲ ನೀರಿನ ಕ್ಯಾನ್ ಮಾನಿಟರ್‌ಗಳು. ಅದರಿಂದ ಕಾಯಿಲೆ ವಾಸಿಯಾಗಲಿಲ್ಲ, ನಲವತ್ತು ನಿಮಿಷ ಪಾಠ ಮಾತ್ರ ನಡೆಯಿತು.

ಕೋಥ್ರೂಡ್ ಅಪ್ಪ

ನಮ್ಮದು ಉಲ್ಟಾ ಕೇಸ್. ಮಗಳಿಗೆ ಹನ್ನೆರಡು. ಗದ್ದಲ ಮಾಡುವವಳಲ್ಲ, ಸುಮ್ಮನೆ ಕೂತು ಎಲ್ಲೋ ಕಳೆದುಹೋಗ್ತಿದ್ದಳು. ಆರನೇ ಕ್ಲಾಸಿನ ತನಕ ಯಾರ ಕಣ್ಣಿಗೂ ಬೀಳಲಿಲ್ಲ, ಸೋಮಾರಿ ಅಂತ ರಿಮಾರ್ಕ್ ಬರೀತಿದ್ದರು. ಔಷಧಿ ಶುರುವಾದ ಮೇಲೆ ಅವಳೇ ಹೇಳಿದಳು: ‘ಪಪ್ಪಾ, ಟೀಚರ್ ಮಾತು ಕೊನೆವರೆಗೂ ಕೇಳಿಸ್ತು.’

ಅವಳದು ಕಡಿಮೆ ಅವಧಿಯ ಮಾತ್ರೆ, ಸುಮಾರು ನಾಲ್ಕು ಗಂಟೆ ಇರ್ತದೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಇನ್ನೊಂದು ಬೇಕು. ಶಾಲೆ ಹೇಳಿತು, ನಾವು ಮಾತ್ರೆ ಮುಟ್ಟುವುದಿಲ್ಲ, ಮಗುವಿನ ಬ್ಯಾಗಿನಲ್ಲೂ ಇರಬಾರದು. ನಮ್ಮಾಕೆ ದಿನಾ ಕರ್ವೆ ರಸ್ತೆಯ ಆಫೀಸಿನಿಂದ ಸ್ಕೂಟರ್‌ನಲ್ಲಿ ಬಂದು ಗೇಟಿನ ಹೊರಗೆ ಮಾತ್ರೆ ನುಂಗಿಸಿ ಹೋಗ್ತಿದ್ದಳು, ವಾಚ್‌ಮನ್ ಎದುರಿಗೆ. ಒಂದು ರಾತ್ರಿಯ ಕ್ಯಾಂಪಿಗೂ ಅದೇ ಕಾರಣಕ್ಕೆ ಕರೆದುಕೊಂಡು ಹೋಗಲಿಲ್ಲ. ನಮಗೆ ಗೊತ್ತಿರುವ ಇನ್ನೊಂದು ಮನೆಯವರಿಗೆ ಮಾತ್ರೆ ಕೊಡದಿದ್ರೆ ಬರಬೇಡ ಅಂತ ಹೇಳಿದ್ದೂ ಇಂಥದೇ ಶಾಲೆ. ಎರಡೂ ಕಡೆ ಶಾಲೆಗೆ ಬೇಕಾಗಿರುವುದು ತಲೆನೋವಿಲ್ಲದ ಮಗು, ಅಷ್ಟೆ.

ಮುಲುಂಡ್ ಡಾಕ್ಟರ್

ಕೋಥ್ರೂಡ್‌ನವರೇ, ಬೆಳಿಗ್ಗೆ ಒಂದೇ ಸಲ ತಗೊಳ್ಳುವ ದೀರ್ಘಾವಧಿಯದು ಇದೆ, ಎಂಟರಿಂದ ಹನ್ನೆರಡು ಗಂಟೆ ಇರುತ್ತದೆ. ನಿಮ್ಮ ಡಾಕ್ಟರ್ ಹತ್ತಿರ ಕೇಳಿ. ಅದನ್ನು ಪುಡಿ ಮಾಡಿ ಮೊಸರನ್ನಕ್ಕೆ ಕಲಸಬಾರದು, ನಿಧಾನಕ್ಕೆ ಬಿಡುಗಡೆಯಾಗುವ ಔಷಧಿ ಒಂದೇ ಸಲಕ್ಕೆ ಒಳಗೆ ಹೋಗಿಬಿಡುತ್ತದೆ. ಬೆಳಗಿನ ತಿಂಡಿ ಚೆನ್ನಾಗಿ ತಿನ್ನಿಸಿ ಆಮೇಲೆ ಕೊಡಿ. ಮಧ್ಯಾಹ್ನದ ಡಬ್ಬಿ ಹಾಗೇ ವಾಪಸ್ ಬರುತ್ತದೆ ಅಂತ ಎಲ್ಲ ಅಮ್ಮಂದಿರದೂ ದೂರು, ಸಂಜೆ ಐದರ ಮೇಲೆ ಹಸಿವು ಬಂದಾಗ ಸರಿಯಾಗಿ ಉಣಿಸಿ.

ಶಾಲೆಯ ಹೆದರಿಕೆಗೆ ಒಂದು ಕಾರಣವೂ ಇದೆ. ಮೀಥೈಲ್‌ಫೆನಿಡೇಟ್ ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿದೆ, ಔಷಧ ನಿಯಮಗಳಲ್ಲಿ ಶೆಡ್ಯೂಲ್ ಎಕ್ಸ್, ಅಂದರೆ ಬಿಗಿ ನಿಯಂತ್ರಣದ ಪಟ್ಟಿ. ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವನು ಎರಡು ವರ್ಷ ಇಟ್ಟುಕೊಳ್ಳಬೇಕು, ಮಾರಲು ಬೇರೆ ಲೈಸೆನ್ಸ್. ಓಣಿ ತುದಿಯ ಮೆಡಿಕಲ್‌ನಲ್ಲಿ ಸಿಗದಿರುವುದು ಅದಕ್ಕೇ. ಆದರೆ ಡಾಕ್ಟರ್ ಚೀಟಿಯ ಪ್ರತಿ, ಹೆತ್ತವರ ಪತ್ರ, ಹೆಸರು ಬರೆದ ಡಬ್ಬಿಯಲ್ಲಿ ಆ ದಿನದ ಒಂದೇ ಮಾತ್ರೆ, ಕೊಟ್ಟ ಸಮಯಕ್ಕೆ ಒಂದು ಪುಸ್ತಕ. ಇಷ್ಟಿದ್ದರೆ ಆಫೀಸಿನಲ್ಲಿ ಕೊಡಲು ಕಷ್ಟವೇನೂ ಇಲ್ಲ. ಆಸ್ತಮಾ ಪಂಪನ್ನು ಇಟ್ಟುಕೊಳ್ಳುವುದಿಲ್ಲವೇ?

ವಾಸ್ಕೋ ಹಾವೇರಿ

ನಮಸ್ಕಾರ್ರಿ ಎಲ್ಲಾರಿಗೂ. ನೀವೆಲ್ಲಾ ದೊಡ್ಡ ಸಾಲಿ ಮಾತಾಡಾಕತ್ತೀರಿ. ನಾವು ವಾಸ್ಕೋದಾಗ ಇರ್ತೀವಿ, ನಂದು ಸೆಂಟ್ರಿಂಗ್ ಕೆಲಸ. ಹುಡುಗ ಎರಡನೇ ಇಯತ್ತೆ. ಸಾಲ್ಯಾಗ ‘ಡಾಕ್ಟರ್ ಕಡೆ ತೋರಿಸಿ ಕಾಗದ ತೊಗೊಂಡು ಬಾ, ಅಲ್ಲೀತನಕ ಮನ್ಯಾಗ ಇಟ್ಕೋ’ ಅಂದ್ರು. ಹದಿನೈದು ದಿನಾ ಮನ್ಯಾಗ ಇದ್ದಾನ್ರಿ. ಮನ್ಯಾಗ ಯಾರೂ ಇರಂಗಿಲ್ಲ, ಇಬ್ಬರೂ ಕೆಲಸಕ್ಕ ಹೋಗ್ತೀವಿ. ಹುಡುಗಗ ಕೊಂಕಣಿ ಬರಂಗಿಲ್ಲ, ಇಂಗ್ಲಿಷ್ ಬರಂಗಿಲ್ಲ. ತಿಳೀದಕ್ಕ ಎದ್ದು ಓಡಾಡ್ತಾನೋ, ಇದ ಕಾಯಿಲೀನೋ, ಯಾರಿಗ್ ಕೇಳೂದ್ರಿ?

ಡೊಂಬಿವಲಿ ಮೇಷ್ಟ್ರು

ಇದು ಸರಿಯಾದ ಪ್ರಶ್ನೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ, ತರಗತಿಯಲ್ಲಿ ಇಂಗ್ಲಿಷ್. ಅರ್ಥವಾಗದ ಪಾಠದ ಮುಂದೆ ಐದು ತಾಸು ಯಾವ ಮಗು ಕೂತೀತು? ಭಾಷೆಯ ತೊಂದರೆ, ಕಿವಿ, ಕಣ್ಣು ಇವನ್ನೆಲ್ಲ ನೋಡದೆ ಹಣೆಗೆ ಚೀಟಿ ಅಂಟಿಸಬಾರದು.

ಮುಲುಂಡ್ ಡಾಕ್ಟರ್

ಮೇಷ್ಟ್ರ ಮಾತು ನೂರಕ್ಕೆ ನೂರು. ವಾಸ್ಕೋ ಅಣ್ಣ, ಬಾಂಬೋಲಿಯಲ್ಲಿ ಗೋವಾ ಸರ್ಕಾರದ ಮನೋವೈದ್ಯಕೀಯ ಸಂಸ್ಥೆ ಇದೆ, ಗೋವಾ ಮೆಡಿಕಲ್ ಕಾಲೇಜಿನ ಹತ್ತಿರವೇ. ಮಗು ಕನ್ನಡದಲ್ಲೇ ಉತ್ತರ ಕೊಡುವಂತಿರಬೇಕು ಅಂದರೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ವಾಸ್ಕೋದಿಂದ ರೈಲಿದೆ. ಬುದ್ಧಿಮತ್ತೆ ಪರೀಕ್ಷೆಯನ್ನು ಗೊತ್ತಿಲ್ಲದ ಭಾಷೆಯಲ್ಲಿ ಮಾಡಿಸಬೇಡಿ. ಫೋನಿನಲ್ಲಿ ಮಾತಾಡಬೇಕಿದ್ದರೆ ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416, ಕನ್ನಡದಲ್ಲೂ ಮಾತಾಡುತ್ತಾರೆ.

ಠಾಣೆ ವಕೀಲೆ

ಮತ್ತು ಅಣ್ಣ, ನಾಳೆಯೇ ಹುಡುಗನನ್ನು ಶಾಲೆಗೆ ಕಳಿಸಿ. ಡಾಕ್ಟರ್ ಕಾಗದ ಬರುವ ತನಕ ಮನೆಯಲ್ಲಿ ಇಟ್ಟುಕೋ ಅನ್ನಲು ಅವರಿಗೆ ಯಾವ ಅಧಿಕಾರವೂ ಇಲ್ಲ. ಗೇಟಿನಲ್ಲಿ ತಡೆದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಮಾಟುಂಗ ಹುಡುಗ

ಅಪ್ಪ ಅಮ್ಮಂದಿರೇ ಮಾತಾಡ್ತಿದ್ದೀರಿ, ಮಾತ್ರೆ ನುಂಗಿದವನು ನಾನೊಬ್ಬನೇ ಅನಿಸ್ತದೆ. ಈಗ ನನಗೆ 27. ಐದನೇ ಕ್ಲಾಸಿನಿಂದ ಹತ್ತರ ತನಕ ತಗೊಂಡೆ, ಎಸ್‌ಎಸ್‌ಸಿ ಪಾಸಾಗಿದ್ದು ಅದರಿಂದಲೇ ಅಂತ ನನಗೆ ಅನುಮಾನವಿಲ್ಲ. ಔಷಧಿ ಮೇಲೆ ಸಿಟ್ಟಿಲ್ಲ.

ಸಿಟ್ಟು ಬೇರೆಯದರ ಮೇಲೆ. ಕ್ಲಾಸಿನಲ್ಲಿ ನಾನು ನಕ್ಕರೆ, ಪೆನ್ಸಿಲ್ ಬೀಳಿಸಿದರೆ, ಸುಮ್ಮನೆ ಒಂದು ಪ್ರಶ್ನೆ ಕೇಳಿದರೂ ಟೀಚರ್ ಬೋರ್ಡಿನ ಕಡೆ ಮುಖ ಮಾಡಿಕೊಂಡೇ ‘ಆಜ್ ಗೋಲಿ ನಹೀಂ ಲೀ ಕ್ಯಾ?’ (ಇವತ್ತು ಮಾತ್ರೆ ತಗೊಂಡಿಲ್ವಾ?) ಅಂತಿದ್ದರು. ಇಡೀ ಕ್ಲಾಸ್ ನಗ್ತಿತ್ತು. ಆಮೇಲೆ ಹುಡುಗರಿಗೆ ಅದೇ ನನ್ನ ಹೆಸರಾಯ್ತು, ಗೋಲಿ. ಕ್ರಿಕೆಟ್ ಆಡುವಾಗಲೂ ಗೋಲಿ. ನನಗೆ ನಿಜವಾಗಿ ಕೋಪ ಬಂದ ದಿನವೂ ಅದು ಕೋಪ ಅಂತ ಯಾರೂ ಒಪ್ತಿರಲಿಲ್ಲ, ಮಾತ್ರೆ ಮರೆತಿದ್ದಾನೆ ಅಂತ ಲೆಕ್ಕ. ಶಾಲೆಗೆ ಎಷ್ಟು ಹೇಳ್ತೀರೋ ಯೋಚಿಸಿ ಹೇಳಿ ಆಂಟಿ. ಮತ್ತೆ ಮಗನನ್ನು ಒಂದು ಸಲ ಕೇಳಿ. ಒಂಬತ್ತು ವರ್ಷಕ್ಕೆ ಚೆನ್ನಾಗಿ ಗೊತ್ತಾಗ್ತದೆ.

ಬೋರಿವಲಿ ಭಾವ

ತಮ್ಮ, ನಿನ್ನ ಟೀಚರ್ ಮಾಡಿದ್ದು ತಪ್ಪು. ಮೊಬೈಲ್ ವಿಷಯ ಮಾತ್ರ ನಾನು ಬಿಡುವುದಿಲ್ಲ.

ಚೆಂಬೂರು ಅಮ್ಮ

ಎಲ್ಲ ಓದಿದೆ. ಶಾಲೆ ಅಲ್ಪಸಂಖ್ಯಾತ ಸಂಸ್ಥೆಯದ್ದಲ್ಲ, ವೆಬ್‌ಸೈಟಿನಲ್ಲಿ ನೋಡಿದೆ. ಪ್ರಿನ್ಸಿಪಾಲರಿಗೆ ಹೀಗೆ ಬರೆದಿದ್ದೇನೆ, ತಿದ್ದಿಕೊಡಿ:

‘ಓಪನ್ ಹೌಸ್ ದಿನ ನಮ್ಮ ಮಗನಿಗೆ ಔಷಧಿ ಆರಂಭಿಸದಿದ್ದರೆ ಶಾಲೆ ಬಿಡಬೇಕಾಗುತ್ತದೆ ಎಂದು ನಿಮ್ಮ ಸಿಬ್ಬಂದಿ ಮೌಖಿಕವಾಗಿ ತಿಳಿಸಿದರು. ಇದು ಶಾಲೆಯ ಅಧಿಕೃತ ನಿಲುವೇ ಎಂದು ದಯವಿಟ್ಟು ಬರವಣಿಗೆಯಲ್ಲಿ ತಿಳಿಸಿ. ಅವನಿಗೆ ತಜ್ಞ ವೈದ್ಯರ ಚಿಕಿತ್ಸೆ ನಡೆಯುತ್ತಿದೆ. ಔಷಧಿಯ ನಿರ್ಧಾರ ನಾವು ಮತ್ತು ವೈದ್ಯರು ಸೇರಿ ಮಾಡುತ್ತೇವೆ. ತರಗತಿಯಲ್ಲಿ ಅವನಿಗೆ ಏನು ಕಷ್ಟವಾಗುತ್ತಿದೆ ಎಂದು ಟೀಚರ್ ವಾರಕ್ಕೊಮ್ಮೆ ಬರೆದುಕೊಟ್ಟರೆ ವೈದ್ಯರಿಗೆ ಉಪಯೋಗವಾಗುತ್ತದೆ. ಮುಂದಿನ ಬೆಂಚು, ಬರೆಯಲು ಸ್ವಲ್ಪ ಹೆಚ್ಚು ಸಮಯ, ನಡುವೆ ಎದ್ದು ಓಡಾಡಲು ಅವಕಾಶ ಇವನ್ನು ಕೊಡಬೇಕೆಂದು ದಯವಿಟ್ಟು ವಿನಂತಿ. ತೊಂದರೆಗೆ ದಯವಿಟ್ಟು ಕ್ಷಮಿಸಿ.’

ಠಾಣೆ ವಕೀಲೆ

ಚೆನ್ನಾಗಿದೆ ಅಕ್ಕ. ಕೊನೆಯ ವಾಕ್ಯ ತೆಗೆಯಿರಿ, ಕ್ಷಮೆ ಕೇಳುವಂಥದ್ದು ನೀವೇನೂ ಮಾಡಿಲ್ಲ. ‘ಸಿಬ್ಬಂದಿ’ ಅಂತ ಬಿಡಬೇಡಿ, ಮೂವರ ಹುದ್ದೆ, ತಾರೀಕು, ಸಮಯ ಹಾಕಿ. ಮಗನ ರೋಗದ ಹೆಸರು ಬರೆಯದೆ ಇದ್ದದ್ದು ಒಳ್ಳೆಯದೇ ಆಯ್ತು, ಹಾಗೇ ಇರಲಿ. ಕಾಯ್ದೆ, ಸೆಕ್ಷನ್ ಈಗಲೇ ಬೇಡ. ಉತ್ತರ ಬಾರದಿದ್ದರೆ ಎರಡನೇ ಪತ್ರದಲ್ಲಿ ಹಾಕುವ, ಪ್ರತಿ ಶಿಕ್ಷಣಾಧಿಕಾರಿಗೆ ಮತ್ತು ರಾಜ್ಯ ಮಕ್ಕಳ ಹಕ್ಕುಗಳ ಆಯೋಗಕ್ಕೆ. ಇ-ಮೇಲ್ ಮಾಡಿ, ಪ್ರಿಂಟ್ ತೆಗೆದು ಆಫೀಸಿನಲ್ಲೂ ಕೊಡಿ. ನಿಮ್ಮ ಕಾಪಿ ಮೇಲೆ ಪತ್ರ ತಲುಪಿತು ಅನ್ನುವ ಇನ್‌ವರ್ಡ್ ಸ್ಟ್ಯಾಂಪ್ ಬೀಳದೆ ಕೌಂಟರ್ ಬಿಟ್ಟು ಕದಲಬೇಡಿ. ಕ್ಲರ್ಕ್ ‘ಮೇಡಂ ಇಲ್ಲ, ನಾಳೆ ಬನ್ನಿ’ ಅಂತಾನೆ. ಸ್ಟ್ಯಾಂಪ್ ಹಾಕುವುದು ಮೇಡಂ ಅಲ್ಲ, ಅವನೇ.

ವಾಸ್ಕೋ ಹಾವೇರಿ

ವಕೀಲ್ರ, ಇದನ್ನ ಇಂಗ್ಲಿಷ್‌ನಾಗ ಬರದು ಹಾಕ್ರಿ. ನಮ್ಮ ಸಾಲಿಗೂ ಕೊಡ್ತೀನಿ, ಔಷಧದ ಮಾತು ತಗದು ‘ಮನ್ಯಾಗ ಇಟ್ಕೋ’ ಅಂದಿದ್ದು ಹಾಕಿಕೊಡ್ರಿ. ಇವತ್ತ ಹುಡುಗನ್ನ ಕಳಿಸೇನಿ, ಒಳಗ ಬಿಟ್ಟಾರ.

ಠಾಣೆ ವಕೀಲೆ

ರಾತ್ರಿ ಹಾಕ್ತೇನೆ ಅಣ್ಣ. ಶಾಲೆಗೆ ಬಿಡದ ದಿನಗಳ ತಾರೀಕು ಬರೆದಿಟ್ಟುಕೊಳ್ಳಿ, ಹಾಜರಿ ಪುಸ್ತಕದಲ್ಲಿ ಗೈರು ಅಂತ ಹಾಕಿದ್ದಾರಾ ಕೇಳಿ ನೋಡಿ.